ಮನೆಯ ವೈಫೈ ಜಾಲಕ್ಕೆ ತಂತಿಯ ಆಸರೆ

ಈಗಿನ ಮನೆಗಳಲ್ಲಿ ನಲ್ಲಿಯ ನೀರು, ವಿದ್ಯುದ್ದೀಪಗಳಂತೆಯೇ ಅಂತರ್ಜಾಲವೂ ನಿತ್ಯೋಪಯೋಗದ ವಸ್ತುವಾಗಿದೆ. ನೀರು ಕೋಣೆಕೋಣೆಗೂ ಬರಬೇಕಾದರೆ ಕೊಳವೆ ಬೇಕು. ದೀಪ ಹೊತ್ತಬೇಕಾದರೆ ತಂತಿ ಬೇಕು. ವೈಫೈ ತರಂಗಗಳಿಗಾದರೋ ಇವೆರಡೂ ಬೇಡ, ಅವು ತಾವಾಗಿಯೇ ಮನೆಯನ್ನೆಲ್ಲ ತುಂಬಿಕೊಳ್ಳುವುವು ಎಂಬುದು ಸಾಮಾನ್ಯ ಭಾವನೆ. ಈ ಭಾವನೆ ಅರ್ಧ ಮಾತ್ರ ನಿಜವೆಂಬುದು 2020ರ ಕೋವಿಡ್ ಕಾಲದಲ್ಲಿ, ಶಾಲಾಕಾಲೇಜುಗಳ ಪಾಠಗಳೆಲ್ಲ ಮನೆಗೆ ಬಂದಾಗ, ಅನೇಕ ಕುಟುಂಬಗಳ ಅನುಭವಕ್ಕೆ ಬಂದಿತು. ರೌಟರ್ ಕೆಳಗಿನ ಹಜಾರದಲ್ಲಿ. ವಿದ್ಯಾರ್ಥಿ ಮಹಡಿಯ ಮೂಲೆಕೋಣೆಯಲ್ಲಿ. ಉಪಾಧ್ಯಾಯರ ಚಿತ್ರ ನಡುವೆಯೇ ಸ್ತಬ್ಧವಾಗುವುದು, ಪರೀಕ್ಷೆಯ ಉತ್ತರ ಗಡುವಿನೊಳಗೆ ಹೋಗಿ ಮುಟ್ಟದಿರುವುದು, ಇವು ಯಾರಿಗೂ ಸಣ್ಣ ತೊಂದರೆಗಳಲ್ಲ.

ಇದಕ್ಕೆ ಪರಿಹಾರವೆಂದು ಅಂಗಡಿಗಳಲ್ಲಿ ಮೆಶ್ ಜಾಲವೆಂಬ ಉಪಕರಣಗಳು ದೊರೆಯುತ್ತವೆ. ಒಂದು ಮುಖ್ಯ ಕೇಂದ್ರ, ಅದರೊಡನೆ ಒಂದೆರಡು ಉಪಕೇಂದ್ರಗಳು. ಎಲ್ಲವೂ ಒಂದೇ ಹೆಸರಿನ ವೈಫೈಯನ್ನು ಬಿತ್ತರಿಸುತ್ತವೆ. ಮಹಡಿಯ ಕೋಣೆಯಲ್ಲಿ ಉಪಕೇಂದ್ರವನ್ನಿಟ್ಟೊಡನೆ ಫೋನಿನ ಮೇಲಿನ ಗೆರೆಗಳು ಪೂರ್ತಿಯಾಗಿ ತುಂಬುತ್ತವೆ. ಆದರೆ ಎಷ್ಟೋ ಸಲ ವೇಗ ಮಾತ್ರ ನಿರೀಕ್ಷೆಯಂತೆ ಹೆಚ್ಚುವುದಿಲ್ಲ. ಆಗ ಇನ್ನೊಂದು ಉಪಕೇಂದ್ರಕ್ಕೆ ಹಣ ವೆಚ್ಚವಾಗುತ್ತದೆ. ಅದರಿಂದ ಜಾಲ ಮತ್ತಷ್ಟು ನಿಧಾನವಾಗುವುದೂ ಉಂಟು! ಗೆರೆಗಳು ತುಂಬಿದ್ದರೂ ವೇಗವಿಲ್ಲವೇಕೆ? ಗೋಡೆಯೊಳಗೆ ಮೊದಲೇ ಹುದುಗಿರುವ ಈಥರ್ನೆಟ್ ತಂತಿಯಿಂದ ಈ ದೋಷವನ್ನು ಹೇಗೆ ನೀಗಬಹುದು? ಈ ಎರಡು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿಚಾರ ಮಾಡೋಣ.

ತರಂಗವೂ ಗೋಡೆಯೂ

ವೈಫೈ ಎಂಬುದು ಬೆಳಕಿನ ಜಾತಿಗೇ ಸೇರಿದ ವಿದ್ಯುತ್ಕಾಂತ ತರಂಗ. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಕಿರಿದಾದ ಅಲೆಯುದ್ದದ ವಿದ್ಯುತ್ಕಾಂತ ತರಂಗಗಳನ್ನು ಗೋಡೆಗಳ ಮೂಲಕ ಹಾಯಿಸಿ, ಆಚೆಯ ಕೋಣೆಯಲ್ಲಿ ಗಂಟೆ ಬಾರಿಸಿ ತೋರಿಸಿದರು. ನಮ್ಮ ಮನೆಯ ರೌಟರ್ ಪ್ರತಿಕ್ಷಣವೂ ಮಾಡುತ್ತಿರುವ ಕೆಲಸ ಅದೇ ಬಗೆಯದು. ಅದು ಬಳಸುವ ಆವೃತ್ತಿಗಳು ಮುಖ್ಯವಾಗಿ ಎರಡು ಪಟ್ಟಿಗಳಲ್ಲಿವೆ: ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್ ಮತ್ತು ಅದರ ಮೇಲೆ. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ಅಲೆಯುದ್ದ ದೊರೆಯುತ್ತದೆ. 2.4 ಗಿಗಾಹರ್ಟ್ಸಿಗೆ ಅದು 12.5 ಸೆಂಟಿಮೀಟರ್, 5.5 ಗಿಗಾಹರ್ಟ್ಸಿಗೆ ಸುಮಾರು ಐದೂವರೆ ಸೆಂಟಿಮೀಟರ್.

ಬಯಲಿನಲ್ಲಿ ಈ ತರಂಗಗಳ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಮನೆಯೊಳಗಾದರೆ ಇಳಿತ ಇನ್ನೂ ಹೆಚ್ಚು. ಇಟ್ಟಿಗೆಯೂ ಕಾಂಕ್ರೀಟೂ ತರಂಗದ ಶಕ್ತಿಯನ್ನು ಹೀರುತ್ತವೆ. ಅವುಗಳಲ್ಲಿನ ತೇವ ಇನ್ನಷ್ಟು ಹೀರುತ್ತದೆ. ತಾರಸಿಯೊಳಗಿನ ಕಬ್ಬಿಣದ ಸರಳುಗಳು ತರಂಗವನ್ನು ಪ್ರತಿಫಲಿಸುತ್ತವೆ. ಸಾಮಾನ್ಯವಾಗಿ ಆವೃತ್ತಿ ಹೆಚ್ಚಿದಷ್ಟೂ ಗೋಡೆಯೊಳಗಿನ ನಷ್ಟವೂ ಹೆಚ್ಚು. ಆದುದರಿಂದ ಹೆಚ್ಚು ಮಾಹಿತಿಯನ್ನು ಹೊರಬಲ್ಲ 5 ಗಿಗಾಹರ್ಟ್ಸಿನ ಪಟ್ಟಿಯೇ ಗೋಡೆಗೆ ಬೇಗ ಸೋಲುತ್ತದೆ.

ಈ ನಷ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. 10 ಡೆಸಿಬೆಲ್ ನಷ್ಟವೆಂದರೆ ಶಕ್ತಿ ಹತ್ತರಲ್ಲಿ ಒಂದು ಭಾಗಕ್ಕಿಳಿಯುವುದು. 20 ಡೆಸಿಬೆಲ್ ಎಂದರೆ ನೂರರಲ್ಲಿ ಒಂದು ಭಾಗಕ್ಕೆ. 5.5 ಗಿಗಾಹರ್ಟ್ಸಿನ ತರಂಗ ಬಯಲಿನಲ್ಲಿ 5 ಮೀಟರ್ ಸಾಗುವಾಗ, ಆಂಟೆನಾಗಳ ವಿಶೇಷ ಗುಣವನ್ನು ಲೆಕ್ಕಕ್ಕೆ ತಾರದಿದ್ದರೆ, ಸುಮಾರು 61 ಡೆಸಿಬೆಲ್ ನಷ್ಟವಾಗುತ್ತದೆ. ನಡುವಣ ಒಂದು ತಾರಸಿ, ಒಂದು ಗೋಡೆ ಸೇರಿ 30 ಡೆಸಿಬೆಲ್ ನುಂಗಿದುವೆಂದು ಇಟ್ಟುಕೊಳ್ಳೋಣ. ಒಟ್ಟು ನಷ್ಟ 91 ಡೆಸಿಬೆಲ್. ಎಂದರೆ, ಹೊರಟ ಶಕ್ತಿಯಲ್ಲಿ ಮಹಡಿಯ ಕೋಣೆಯನ್ನು ಮುಟ್ಟುವುದು ಸುಮಾರು 125 ಕೋಟಿಯಲ್ಲಿ ಒಂದು ಪಾಲು ಮಾತ್ರ. ಇಷ್ಟು ಕ್ಷೀಣವಾದ ಸಂಕೇತವನ್ನೂ ಉಪಕರಣಗಳು ಗ್ರಹಿಸುತ್ತವೆಂಬುದೇ ಆಶ್ಚರ್ಯ. ಆದರೆ ಸಂಕೇತ ಕ್ಷೀಣಿಸಿದಂತೆಲ್ಲ, ತಪ್ಪಿಲ್ಲದೆ ಓದಿಕೊಳ್ಳುವ ಸಲುವಾಗಿ, ಅವು ಮಾಹಿತಿಯನ್ನು ನಿಧಾನವಾಗಿ ಕಳುಹಿಸಬೇಕಾಗುತ್ತದೆ. ದೂರದಲ್ಲಿರುವವನೊಡನೆ ಮಾತನಾಡುವಾಗ ನಾವು ಒಂದೊಂದೇ ಪದವನ್ನು ಬಿಡಿಸಿ ಕೂಗಿ ಹೇಳುವುದಿಲ್ಲವೇ? ಇದೂ ಹಾಗೆಯೇ.

ಒಂದೇ ಗಾಳಿ, ಎರಡು ಕೆಲಸ

ಈಗ ಮೆಶ್ ಉಪಕೇಂದ್ರದ ಸ್ಥಿತಿಯನ್ನು ನೋಡೋಣ. ಅದಕ್ಕೆ ಎರಡು ಕೆಲಸಗಳಿವೆ. ಮುಖ್ಯ ಕೇಂದ್ರದಿಂದ ಮಾಹಿತಿಯನ್ನು ಪಡೆಯುವುದು ಒಂದು. ಅದನ್ನು ಫೋನಿಗೆ ಮುಟ್ಟಿಸುವುದು ಇನ್ನೊಂದು. ಮೊದಲನೆಯ ಕೊಂಡಿಯನ್ನು ತಂತ್ರಜ್ಞರು ಬ್ಯಾಕ್‌ಹಾಲ್ ಎನ್ನುತ್ತಾರೆ. ನಾವು ಮೂಲಸಂಪರ್ಕವೆಂದು ಕರೆಯೋಣ. ಫೋನಿನ ಮೇಲಿನ ಗೆರೆಗಳು ತೋರಿಸುವುದು ಎರಡನೆಯ ಕೊಂಡಿಯ ಬಲವನ್ನು ಮಾತ್ರ. ಉಪಕೇಂದ್ರ ಪಕ್ಕದಲ್ಲಿಯೇ ಇರುವುದರಿಂದ ಗೆರೆಗಳು ತುಂಬಿರುವುದು ಸಹಜ. ಅದರ ಬೆನ್ನ ಹಿಂದಿರುವ ಮೂಲಸಂಪರ್ಕ ತಾರಸಿಯನ್ನು ದಾಟಲಾರದೆ ಬಸವಳಿದಿರುವುದನ್ನು ಫೋನು ತಿಳಿಸಲಾರದು.

ಇದರ ಮೇಲೆ ಇನ್ನೊಂದು ತೊಡಕಿದೆ. ಒಂದೇ ಆವೃತ್ತಿಯಲ್ಲಿ ಒಂದು ಕ್ಷಣದಲ್ಲಿ ಒಬ್ಬರು ಮಾತ್ರ ಮಾತನಾಡಬೇಕೆಂಬುದು ಈ ಜಾಲಗಳ ಸಾಮಾನ್ಯ ನಿಯಮ. ಬಾವಿಯಿಂದ ನೀರು ಸೇದಿ, ಅದನ್ನೇ ಹೊತ್ತು ಮಹಡಿಯ ಹಂಡೆಗೆ ತುಂಬುವ ಒಬ್ಬನೇ ಆಳನ್ನು ಊಹಿಸಿಕೊಳ್ಳಿ. ಸೇದುವಾಗ ಹೊರಲಾರ, ಹೊರುವಾಗ ಸೇದಲಾರ. ಒಂದೇ ಪಟ್ಟಿಯಲ್ಲಿ ಎರಡು ಕೆಲಸವನ್ನೂ ಮಾಡುವ ಉಪಕೇಂದ್ರದ ಪಾಡೂ ಅದೇ.

ಇದರ ಗಣಿತ ಸರಳವಾಗಿದೆ. ಮೂಲಸಂಪರ್ಕದ ವೇಗ ಸೆಕೆಂಡಿಗೆ 400 ಮೆಗಾಬಿಟ್, ಫೋನಿನ ಕೊಂಡಿಯ ವೇಗವೂ 400 ಮೆಗಾಬಿಟ್ ಇರಲಿ. ಒಂದು ಮೆಗಾಬಿಟ್ ಸಾಗಲು ಮೊದಲ ಹೆಜ್ಜೆಗೆ 1/400 ಸೆಕೆಂಡು, ಎರಡನೆಯದಕ್ಕೆ 1/400 ಸೆಕೆಂಡು. ಒಟ್ಟು 1/200 ಸೆಕೆಂಡು. ಆದ್ದರಿಂದ ನಿಜವಾದ ವೇಗ 200 ಮೆಗಾಬಿಟ್. ತಾರಸಿಯ ನಷ್ಟದಿಂದ ಮೂಲಸಂಪರ್ಕ 100 ಮೆಗಾಬಿಟ್ಟಿಗೆ ಇಳಿದಿದ್ದರೆ, 1/100 ಮತ್ತು 1/400 ಕೂಡಿ 5/400; ವೇಗ 80 ಮೆಗಾಬಿಟ್. ಇಂತಹ ದುರ್ಬಲ ಸಂಪರ್ಕದ ಎರಡು ಹೆಜ್ಜೆಗಳನ್ನು ದಾಟಿ ಎರಡನೆಯ ಉಪಕೇಂದ್ರಕ್ಕೆ ಹೋದರೆ 9/400. ವೇಗ ಸುಮಾರು 44 ಮೆಗಾಬಿಟ್. ಶ್ರೇಣಿಯಲ್ಲಿ ಜೋಡಿಸಿದ ರೋಧಗಳು ಕೂಡುವಂತೆಯೇ ಇಲ್ಲಿ ನಿಧಾನಗಳು ಕೂಡುತ್ತವೆ. ಉಪಕೇಂದ್ರಗಳನ್ನು ಹೆಚ್ಚಿಸಿದ ಮಾತ್ರಕ್ಕೆ ವೇಗ ಹೆಚ್ಚದೆ ಇಳಿಯುವುದರ ರಹಸ್ಯವಿದು. ಮೂಲಸಂಪರ್ಕಕ್ಕೆಂದೇ ಪ್ರತ್ಯೇಕ ಪಟ್ಟಿಯನ್ನಿರಿಸಿದ ದುಬಾರಿ ಉಪಕರಣಗಳಲ್ಲಿ ಎರಡು ಹೆಜ್ಜೆಗಳೂ ಏಕಕಾಲದಲ್ಲಿ ನಡೆಯಬಲ್ಲವು. ಆದರೆ ಅಲ್ಲಿಯೂ ತಾರಸಿ ತಾರಸಿಯೇ. 100 ಮೆಗಾಬಿಟ್ಟಿನ ಮೂಲಸಂಪರ್ಕದಿಂದ 100ಕ್ಕಿಂತ ಹೆಚ್ಚು ಪಡೆಯಲಾಗದು.

ಈಗ ಮೂಲಸಂಪರ್ಕವನ್ನು ಗಾಳಿಯಿಂದ ತೆಗೆದು ತಂತಿಗೆ ವಹಿಸೋಣ. ಸೇದುವ ಆಳಿನ ಬದಲು ಮಹಡಿಯವರೆಗೆ ಕೊಳವೆಯನ್ನೇ ಎಳೆದಂತಾಯಿತು. ತಂತಿಯ ವೇಗ 1000 ಮೆಗಾಬಿಟ್. ಫೋನಿಗೆ ಗಾಳಿಯ 400 ಮೆಗಾಬಿಟ್ ಪೂರ್ತಿಯಾಗಿ ದೊರೆಯಬಲ್ಲದು. ಮೂಲಸಂಪರ್ಕ ತಿನ್ನುತ್ತಿದ್ದ ಗಾಳಿಯ ಸಮಯ ಕೆಳಗಿನ ಹಜಾರದಲ್ಲಿರುವವರ ಪಾಲಿಗೂ ಉಳಿಯುತ್ತದೆ.

ಈಥರಿನಿಂದ ಈಥರ್ನೆಟ್ಟಿಗೆ

ಈ ತಂತಿಯ ಹೆಸರಿನಲ್ಲಿ ಭೌತವಿಜ್ಞಾನದ ಒಂದು ಹಳೆಯ ಕಥೆ ಅಡಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ, ಬೆಳಕಿನ ತರಂಗಗಳನ್ನು ಹೊರಲು ಈಥರ್ ಎಂಬ ಸರ್ವವ್ಯಾಪಿ ಮಾಧ್ಯಮವಿರಬೇಕೆಂದು ವಿಜ್ಞಾನಿಗಳು ನಂಬಿದ್ದರು. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ನಡೆಸಿದ ಪ್ರಯೋಗದಲ್ಲಿ ಅದರ ಸುಳಿವು ಸಿಕ್ಕಲಿಲ್ಲ. 1905ರಲ್ಲಿ ಐನ್‌ಸ್ಟೈನರ ಸಾಪೇಕ್ಷತಾವಾದ ಅದರ ಅಗತ್ಯವನ್ನೇ ತೊಡೆದುಹಾಕಿತು. 1973ರಲ್ಲಿ ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಅವರು ಗಣಕಯಂತ್ರಗಳನ್ನು ಒಂದೇ ತಂತಿಗೆ ಜೋಡಿಸುವ ಉಪಾಯವನ್ನು ಯೋಚಿಸಿ, ಎಲ್ಲರಿಗೂ ಸಮಾನವಾದ ಆ ಮಾಧ್ಯಮಕ್ಕೆ ಈಥರಿನ ನೆನಪಿನಲ್ಲಿ ಈಥರ್ನೆಟ್ ಎಂದು ಹೆಸರಿಟ್ಟರು. ಡೇವಿಡ್ ಬಾಗ್ಸ್ ಅವರೊಡನೆ ಅದನ್ನು ಕಟ್ಟಿ ನಡೆಸಿಯೂ ತೋರಿಸಿದರು.

ಈ ಉಪಾಯಕ್ಕೆ ಸ್ಫೂರ್ತಿ ಬಂದದ್ದು ರೇಡಿಯೋದಿಂದಲೇ. 1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಸಂಗಡಿಗರು ದ್ವೀಪಗಳ ನಡುವಣ ಗಣಕ ಸಂಪರ್ಕಕ್ಕಾಗಿ ಅಲೋಹಾ ಎಂಬ ರೇಡಿಯೋ ಜಾಲವನ್ನು ಆರಂಭಿಸಿದ್ದರು. ಇಬ್ಬರು ಒಮ್ಮೆಗೇ ಮಾತನಾಡಿದರೆ ಸಂಕೇತಗಳು ಘರ್ಷಿಸಿ ಕೆಡುತ್ತವೆ. ಆಗ ಇಬ್ಬರೂ ತುಸು ಹೊತ್ತು ಸುಮ್ಮನಿದ್ದು ಮತ್ತೆ ಯತ್ನಿಸಬೇಕು. ಗಾಳಿಯ ಈ ನಡವಳಿಕೆಯನ್ನೇ ಮೊದಲ ಈಥರ್ನೆಟ್ ತಂತಿಗೂ ಅನ್ವಯಿಸಿತು. ಮುಂದೆ ಸ್ವಿಚ್ ಎಂಬ ಉಪಕರಣ ಬಂದು ಪ್ರತಿಯೊಂದು ಯಂತ್ರಕ್ಕೂ ಬೇರೆ ಬೇರೆ ತಂತಿ ದೊರೆತಾಗ ತಂತಿಯಲ್ಲಿ ಸರದಿ ಕಾಯುವ ಅಗತ್ಯವೇ ತಪ್ಪಿತು. ವೈಫೈಯ ಮೊದಲ ಪ್ರಮಾಣಕ 1997ರಲ್ಲಿ ಹೊರಬಂದಿತು. ಸರದಿ ಕಾಯುವ ಪದ್ಧತಿ ಅಲ್ಲಿ ಇಂದಿಗೂ ಮೂಲನಿಯಮವಾಗಿ ಉಳಿದಿದೆ. ಗಾಳಿಯನ್ನು ಕೋಣೆಗೊಂದರಂತೆ ಹಂಚಿಕೊಡುವುದು ಹೇಗೆ ಸಾಧ್ಯ?

ಹೆಣೆದ ಜೋಡಿಯ ಗುಟ್ಟು

ಈಥರ್ನೆಟ್ ತಂತಿಯ ಹೊದಿಕೆಯನ್ನು ಸುಲಿದು ನೋಡಿದರೆ ಒಳಗೆ ಎಂಟು ಎಳೆಗಳು, ಎರಡೆರಡು ಒಟ್ಟಿಗೆ ಹೊಸೆದ ನಾಲ್ಕು ಜೋಡಿಗಳಾಗಿ ಕಾಣುತ್ತವೆ. ಹೊಸೆದಿರುವುದು ಅಂದಕ್ಕಲ್ಲ. ಒಂದು ಜೋಡಿಯ ಒಂದು ಎಳೆಯಲ್ಲಿ +0.5 ವೋಲ್ಟ್, ಇನ್ನೊಂದರಲ್ಲಿ -0.5 ವೋಲ್ಟ್ ಸಂಕೇತವಿದೆಯೆಂದು ಭಾವಿಸೋಣ. ಪಕ್ಕದ ವಿದ್ಯುತ್ ತಂತಿಯ ಪ್ರೇರಣೆಯಿಂದ ಎರಡರಲ್ಲಿಯೂ 0.2 ವೋಲ್ಟಿನಷ್ಟು ಗದ್ದಲ ಸೇರಿತು. ಈಗ ಅವು +0.7 ಮತ್ತು -0.3. ಆದರೆ ಗ್ರಾಹಕ ಯಂತ್ರ ನೋಡುವುದು ಎರಡರ ವ್ಯತ್ಯಾಸವನ್ನು. ಅದು ಮೊದಲೂ 1 ವೋಲ್ಟ್, ಈಗಲೂ 1 ವೋಲ್ಟ್! ಗದ್ದಲ ತಾನಾಗಿಯೇ ಕಳೆದುಹೋಯಿತು. ಎರಡು ಎಳೆಗಳಿಗೂ ಗದ್ದಲ ಸಮವಾಗಿ ತಟ್ಟಬೇಕಾದರೆ ಅವು ಆಗಾಗ ಸ್ಥಾನ ಬದಲಿಸುತ್ತಿರಬೇಕು. ಹೊಸೆತದ ಉದ್ದೇಶ ಇದೇ.

ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸುವ ಸಾಮಾನ್ಯ ಗಿಗಾಬಿಟ್ ಪದ್ಧತಿಯಲ್ಲಿ ನಾಲ್ಕು ಜೋಡಿಗಳೂ ದುಡಿಯುತ್ತವೆ, ಒಂದೊಂದೂ 250 ಮೆಗಾಬಿಟ್ಟಿನಂತೆ. ಅದೂ ಎರಡು ದಿಕ್ಕಿಗೂ ಏಕಕಾಲದಲ್ಲಿ. ತಾನು ಕಳುಹಿಸಿದ್ದನ್ನು ಕಳೆದು, ಬಂದದ್ದನ್ನು ಮಾತ್ರ ಉಳಿಸಿಕೊಳ್ಳುವ ಜಾಣ್ಮೆ ಯಂತ್ರಕ್ಕಿದೆ. 100 ಮೆಗಾಬಿಟ್ಟಿನ ಹಳೆಯ ಪದ್ಧತಿಗೆ ಎರಡೇ ಜೋಡಿ ಸಾಕು. ಆದ್ದರಿಂದ ಎಂಟರಲ್ಲಿ ಒಂದೇ ಎಳೆ ತುಂಡಾಗಿದ್ದರೂ ಗಿಗಾಬಿಟ್ ನಡೆಯದು. ತುಂಡಾದುದು ಉಳಿದ ಎರಡು ಜೋಡಿಗಳಲ್ಲೊಂದಾದರೆ ವೇಗ ಸಾಮಾನ್ಯವಾಗಿ 100ಕ್ಕೆ ಇಳಿದು ನಿಲ್ಲುತ್ತದೆ.

ಇರುವ ತಂತಿಯನ್ನು ಪರೀಕ್ಷಿಸುವ ಬಗೆ

ಹೊಸದಾಗಿ ಕಟ್ಟಿದ ಅನೇಕ ಮನೆಗಳಲ್ಲಿಯೂ ವಸತಿ ಸಮುಚ್ಚಯಗಳಲ್ಲಿಯೂ ಗೋಡೆಯೊಳಗಿನ ಕೊಳವೆಗಳಲ್ಲಿ ಈ ತಂತಿಯನ್ನು ಮೊದಲೇ ಎಳೆದಿರುತ್ತಾರೆ. ಬೆಂಗಳೂರಿನಂತಹ ನಗರಗಳಲ್ಲಿ, ಬೆಳಕಿನ ನಾರು ಬರುವ ಮೊದಲು, ಕಂಬದಿಂದ ಮನೆಗೆ ಈಥರ್ನೆಟ್ ತಂತಿಯ ಮೂಲಕವೇ ಅಂತರ್ಜಾಲವನ್ನು ಒದಗಿಸುತ್ತಿದ್ದುದುಂಟು. ಆ ತಂತಿ ಕೆಲವು ಮನೆಗಳ ಗೋಡೆಯ ಮೇಲೆ ಇನ್ನೂ ನಿರುಪಯೋಗಿಯಾಗಿ ಉಳಿದಿದೆ. ಮನೆಯೊಳಗಿನ ಭಾಗ ಸರಿಯಾದ ಎರಡು ಕೋಣೆಗಳನ್ನು ಕೂಡಿಸುವಂತಿದ್ದರೆ ಅದನ್ನೂ ಬಳಸಬಹುದು.

ಮೊದಲು ಹೊದಿಕೆಯ ಮೇಲಿನ ಮುದ್ರಣವನ್ನು ಓದಬೇಕು. ಕ್ಯಾಟಗರಿ 5ಇ ಎಂದಿದ್ದರೆ 100 ಮೀಟರ್ ದೂರದವರೆಗೆ 1000 ಮೆಗಾಬಿಟ್ಟಿಗೆ ಯೋಗ್ಯ. ಕ್ಯಾಟಗರಿ 6 ಇನ್ನೂ ಮೇಲು. ಸುಮಾರು 55 ಮೀಟರಿನವರೆಗೆ 10,000 ಮೆಗಾಬಿಟ್ಟನ್ನೂ ಸಾಗಿಸಬಲ್ಲದು. ನಾಲ್ಕೇ ಎಳೆಗಳ ಟೆಲಿಫೋನ್ ತಂತಿ ಮೇಲುನೋಟಕ್ಕೆ ಹೀಗೆಯೇ ತೋರಿದರೂ ಈ ಕೆಲಸಕ್ಕೆ ಬಾರದು. ಅಗ್ಗದ ಕೆಲವು ತಂತಿಗಳಲ್ಲಿ ಶುದ್ಧ ತಾಮ್ರದ ಬದಲು ತಾಮ್ರ ಲೇಪಿಸಿದ ಅಲ್ಯುಮಿನಿಯಮ್ ಇರುತ್ತದೆ. ಅಲ್ಯುಮಿನಿಯಮ್ಮಿನ ವಿಶಿಷ್ಟ ರೋಧ ತಾಮ್ರದ ಒಂದೂವರೆ ಪಟ್ಟಿಗೂ ಮೇಲಾದುದರಿಂದ, ಸಂಕೇತದೊಡನೆ ವಿದ್ಯುಚ್ಛಕ್ತಿಯನ್ನೂ ಅದೇ ತಂತಿಯಲ್ಲಿ ಕಳುಹಿಸುವ ಸಂದರ್ಭದಲ್ಲಿ ಅದು ಹೆಚ್ಚು ಕಾಯುತ್ತದೆ. ಅದನ್ನು ತ್ಯಜಿಸುವುದು ಲೇಸು.

ತಂತಿಯ ಎರಡು ತುದಿಗಳಿಗೂ ಎಂಟು ಕಾಲಿನ ಆರ್‌ಜೆ 45 ಕೊಂಡಿಯನ್ನು ಕೂಡಿಸುವಾಗ ಬಣ್ಣಗಳ ಕ್ರಮ ಮುಖ್ಯ. ಬಳಕೆಯಲ್ಲಿರುವ ಒಂದು ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯ ಎರಡು ಪಕ್ಕದಲ್ಲಿ ಹರಡಿರುವುದು ವಿಚಿತ್ರವಾಗಿ ಕಾಣಬಹುದು. ಎರಡು ತುದಿಯಲ್ಲಿಯೂ ಒಂದೇ ರೀತಿ ಇದ್ದರಾಯಿತು, ಬಣ್ಣಗಳನ್ನು ಜೋಡಿಜೋಡಿಯಾಗಿ ಸಾಲಾಗಿಟ್ಟರೆ ತಪ್ಪೇನು ಎಂದು ಕೆಲವರು ಕೇಳುವುದುಂಟು. ತಪ್ಪಿದೆ. ಯಂತ್ರವು 3 ಮತ್ತು 6ನೆಯ ಕಾಲುಗಳನ್ನು ಒಂದು ಜೋಡಿಯೆಂದು ಎಣಿಸುತ್ತದೆ. ಸಾಲಾಗಿಟ್ಟರೆ 3ರಲ್ಲಿ ಹಸಿರು ಜೋಡಿಯ ಎಳೆ, 6ರಲ್ಲಿ ನೀಲಿ ಜೋಡಿಯ ಎಳೆ ಬರುತ್ತದೆ. ಒಟ್ಟಿಗೆ ಹೊಸೆಯದ ಈ ಎರಡು ಎಳೆಗಳಿಗೆ ಗದ್ದಲ ಸಮವಾಗಿ ತಟ್ಟುವುದಿಲ್ಲ. ವ್ಯತ್ಯಾಸದಲ್ಲಿ ಅದು ಕಳೆದುಹೋಗುವುದೂ ಇಲ್ಲ. ದೀಪ ಹೊತ್ತಿಸಿ ನೋಡುವ ಸಾಮಾನ್ಯ ಪರೀಕ್ಷಕ ಎಂಟೂ ಎಳೆಗಳು ಸರಿಯಾಗಿವೆ ಎಂದೇ ಹೇಳುತ್ತದೆ, ಜಾಲ ಮಾತ್ರ ಎಡವುತ್ತಿರುತ್ತದೆ.

ಜೋಡಣೆಯ ಕ್ರಮ

ತಂತಿ ಸರಿಯಿದೆಯೆಂದು ಖಚಿತವಾದ ಮೇಲೆ ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ಉಪಕೇಂದ್ರದ ತಂತಿ ಮೆಶ್ ಜಾಲದ ಮುಖ್ಯ ಕೇಂದ್ರದಿಂದಲೇ ಹೊರಡಬೇಕು. ಬೆಳಕಿನ ನಾರು ಬಂದು ಸೇರುವ ಪೆಟ್ಟಿಗೆಗೆ ಅದನ್ನು ನೇರವಾಗಿ ಜೋಡಿಸಿದರೆ ಉಪಕೇಂದ್ರ ಮುಖ್ಯ ಕೇಂದ್ರದ ಜಾಲದಿಂದ ಹೊರಗುಳಿಯುತ್ತದೆ. ಮುಖ್ಯ ಕೇಂದ್ರದಲ್ಲಿ ರಂಧ್ರಗಳು ಸಾಲದಿದ್ದರೆ ಒಂದು ಸ್ವಿಚ್ಚನ್ನು ಸೇರಿಸಿ ಅದರಿಂದ ಕೋಣೆಕೋಣೆಗೆ ತಂತಿಗಳನ್ನು ಒಯ್ಯಬಹುದು.

ಎರಡನೆಯದಾಗಿ, ಮನೆಯ ಉಪಕರಣಗಳಿಗೆ ವಿಳಾಸ ಹಂಚುವ ಯಂತ್ರ ಒಂದೇ ಇರಬೇಕು. ಹಳೆಯ ರೌಟರನ್ನು ಉಪಕೇಂದ್ರವಾಗಿ ಬಳಸುವವರು ಅದನ್ನು ಆಕ್ಸೆಸ್ ಪಾಯಿಂಟ್ ಎಂಬ ಸ್ಥಿತಿಗೆ ತಿರುಗಿಸಬೇಕು. ಇಲ್ಲವಾದರೆ ಒಂದೇ ಬೀದಿಯ ಮನೆಗಳಿಗೆ ಇಬ್ಬರು ಬೇರೆ ಬೇರೆ ಸಂಖ್ಯೆ ಕೊಟ್ಟಂತಾಗಿ ಪತ್ರಗಳು ದಾರಿ ತಪ್ಪುತ್ತವೆ.

ಮೂರನೆಯದಾಗಿ, ಸ್ವಿಚ್ಚುಗಳ ನಡುವೆ ಎರಡು ದಾರಿಗಳು ಕೂಡಿ ಬಳೆಯಾಗಬಾರದು. ಬಳೆಯಾದರೆ ಎಲ್ಲರಿಗೂ ಉದ್ದೇಶಿಸಿದ ಸಂದೇಶವೊಂದು ಸುತ್ತುತ್ತಲೇ ಇದ್ದು ಕ್ಷಣಮಾತ್ರದಲ್ಲಿ ಜಾಲವನ್ನೆಲ್ಲ ತುಂಬಿಬಿಡುತ್ತದೆ. ಇದನ್ನು ತಡೆಯುವ ಗಣಿತಕ್ರಮವನ್ನು 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ವಿದುಷಿ ರೂಪಿಸಿದರು. ಆದರೆ ಅಗ್ಗದ ಸ್ವಿಚ್ಚುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ನಾಲ್ಕನೆಯದಾಗಿ, ಕೇಂದ್ರಗಳೆಲ್ಲಕ್ಕೂ ಒಂದೇ ಹೆಸರು, ಒಂದೇ ಗುಪ್ತಪದ ಇರಲಿ. ಆದರೆ, ಉಪಕರಣ ಅವಕಾಶ ಕೊಟ್ಟರೆ, ಚಾನೆಲ್ ಬೇರೆ ಬೇರೆ ಇರಲಿ. 2.4 ಗಿಗಾಹರ್ಟ್ಸಿನಲ್ಲಿ ಚಾನೆಲುಗಳ ಅಂತರ 5 ಮೆಗಾಹರ್ಟ್ಸ್; ಒಂದು ಸಂಕೇತದ ಅಗಲವಾದರೋ ಸುಮಾರು 20 ಮೆಗಾಹರ್ಟ್ಸ್. ಆದುದರಿಂದ ಒಂದನ್ನೊಂದು ತುಳಿಯದಂತೆ 1, 6, 11 ಎಂಬ ಮೂರನ್ನು ಆರಿಸಿಕೊಳ್ಳುವುದು ವಾಡಿಕೆ. ಯಾವ ಕೇಂದ್ರವನ್ನು ಹಿಡಿಯಬೇಕೆಂದು ಕಡೆಗೆ ನಿರ್ಧರಿಸುವುದು ಫೋನೇ. ದೂರದ ಕೇಂದ್ರ ತೀರ ಗಟ್ಟಿಯಾಗಿ ಕೂಗುತ್ತಿದ್ದರೆ ಫೋನು ಅದನ್ನೇ ಬಿಡದೆ ಹಿಡಿದಿರುತ್ತದೆ. ಆಗ ಅದರ ಪ್ರಸಾರಶಕ್ತಿಯನ್ನು ತುಸು ತಗ್ಗಿಸುವುದೇ ಪರಿಹಾರ.

ಕೆಲವು ಎಚ್ಚರಿಕೆಗಳು

ಈಥರ್ನೆಟ್ ತಂತಿಯನ್ನು ಮನೆಯ 230 ವೋಲ್ಟಿನ ವಿದ್ಯುತ್ ತಂತಿಯಿರುವ ಕೊಳವೆಯಲ್ಲಿ ಎಳೆಯಕೂಡದು. ನಿರೋಧಕ ಹೊದಿಕೆ ಸವೆದರೆ ಪ್ರಾಣಾಪಾಯವುಂಟು. ಹಾಗೆಯೇ ತಾಮ್ರದ ತಂತಿಯನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಆಕಾಶದಲ್ಲಿ ತೂಗುಹಾಕುವುದೂ ಅಪಾಯಕರ. ಮಲೆನಾಡು, ಕರಾವಳಿಗಳಲ್ಲಿ ಗುಡುಗುಸಿಡಿಲಿನ ಕಾಲದಲ್ಲಿ, ಸಿಡಿಲು ಸಮೀಪದಲ್ಲಿ ಬಿದ್ದರೂ ಪ್ರೇರಣೆಯಿಂದ ತಂತಿಯಲ್ಲಿ ಹುಟ್ಟುವ ವೋಲ್ಟೇಜು ಎರಡು ತುದಿಯ ಉಪಕರಣಗಳನ್ನೂ ಸುಡಬಲ್ಲದು. ತೋಟದ ಮನೆಗೋ ಹೊರಗಿನ ಕೊಟ್ಟಿಗೆಗೋ ಸಂಪರ್ಕ ಬೇಕಾದರೆ ಲೋಹವಿಲ್ಲದ ಬೆಳಕಿನ ನಾರನ್ನು ಬಳಸುವುದು ಯುಕ್ತ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಇಲ್ಲಿ ಹೇಳಿದುದನ್ನು ವಾಚಕರು ತಮ್ಮ ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಹಾಳೆಯ ಮೇಲೆ ಮನೆಯ ನಕ್ಷೆಯನ್ನು ಬರೆಯಿರಿ. ಸಂಕೇತದ ಬಲವನ್ನು ಡೆಸಿಬೆಲ್ ಮಾನದಲ್ಲಿ ತೋರಿಸುವ ತಂತ್ರಾಂಶಗಳು ಫೋನುಗಳಿಗೆ ದೊರೆಯುತ್ತವೆ. ಪ್ರತಿ ಕೋಣೆಯಲ್ಲಿಯೂ ಬಲವನ್ನೂ ವೇಗವನ್ನೂ ಮೂರು ಮೂರು ಸಲ ಅಳೆದು ಸರಾಸರಿಯನ್ನು ನಕ್ಷೆಯಲ್ಲಿ ಗುರುತಿಸಿ. ಬಲ ಕಡಿಮೆಯಿದ್ದು ವೇಗವೂ ಕಡಿಮೆಯಿರುವ ಕಡೆ ಬೇಕಾದುದು ಹತ್ತಿರದಲ್ಲೊಂದು ಕೇಂದ್ರ. ಬಲ ಚೆನ್ನಾಗಿದ್ದು, ಮುಖ್ಯ ಕೇಂದ್ರದ ಬಳಿಯಲ್ಲಿ ದೊರೆಯುವ ವೇಗ ಉಪಕೇಂದ್ರದ ಬಳಿಯಲ್ಲಿ ದೊರೆಯದಿದ್ದರೆ ದೋಷವಿರುವುದು ಮೂಲಸಂಪರ್ಕದಲ್ಲಿ. ಅಲ್ಲಿ ಬೇಕಾದುದು ತಂತಿ. ಮುಖ್ಯ ಕೇಂದ್ರದ ಪಕ್ಕದಲ್ಲಿ ನಿಂತಾಗಲೂ ವೇಗವಿಲ್ಲದಿದ್ದರೆ ಮನೆಯೊಳಗೆ ಏನು ಮಾಡಿದರೂ ಫಲವಿಲ್ಲ. ಹೊರಗಿನಿಂದ ಬರುವ ಸಂಪರ್ಕವನ್ನೇ ವಿಚಾರಿಸಬೇಕು. ಈ ಮೂರನ್ನೂ ಬೇರ್ಪಡಿಸಿ ನೋಡಿದ ಮೇಲೆಯೇ ಅಂಗಡಿಗೆ ಹೋಗುವುದು ಜಾಣತನ. ಹಲವು ಸಾವಿರ ರೂಪಾಯಿಗಳ ಹೊಸ ಪೆಟ್ಟಿಗೆ ಮಾಡಲಾರದ ಕೆಲಸವನ್ನು, ಗೋಡೆಯೊಳಗೆ ವರ್ಷಗಟ್ಟಲೆ ಸುಮ್ಮನಿದ್ದ ತಂತಿಯೊಂದು ಎರಡು ಕೊಂಡಿಗಳ ವೆಚ್ಚದಲ್ಲಿ ಮಾಡಿಕೊಟ್ಟೀತು.